ಬರ್ತಾ ಬೆಂಜ್ ಮತ್ತು ಮೊದಲನೆಯ ಮೋಟಾರು ಪಯಣ

ಇಂದು ನಮ್ಮ ರಸ್ತೆಗಳಲ್ಲಿ ಮೋಟಾರು ಕಾರನ್ನು ಕಂಡು ಬೆರಗಾಗುವವರು ಯಾರೂ ಇಲ್ಲ. ಹಳ್ಳಿಯ ಎಳೆಯ ಮಗುವಿಗೂ ಅದು ಎತ್ತಿನ ಗಾಡಿಯಷ್ಟೇ ಪರಿಚಿತವಾದ ವಸ್ತು. ಆದರೆ ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಕುದುರೆಯಿಲ್ಲದ ಬಂಡಿಯೊಂದು ತಾನಾಗಿಯೇ ಊರಿಂದ ಊರಿಗೆ ಓಡಬಲ್ಲುದೆಂದರೆ ನಂಬುವವರಿರಲಿಲ್ಲ. ನಂಬಿದವರನ್ನು ನೋಡಿ ನಗುವವರಿದ್ದರು. ಅಂಥ ಬಂಡಿಯನ್ನು ನಿರ್ಮಿಸಿದ ಜರ್ಮನಿಯ ಕಾರ್ಲ್ ಬೆಂಜ್ ಅವರ ಹೆಸರು ಇಂದು ಲೋಕಪ್ರಸಿದ್ಧವಾಗಿದೆ. ಆದರೆ ಆ ಬಂಡಿ ದೂರದ ಪ್ರಯಾಣಕ್ಕೆ ತಕ್ಕುದೆಂದು ತೋರಿಸಿಕೊಟ್ಟವರು ಅವರಲ್ಲ, ಅವರ ಪತ್ನಿ ಬರ್ತಾ ಬೆಂಜ್. ದಾರಿಯ ನಡುವೆ ಇಂಧನದ ಕೊಳವೆ ಕಟ್ಟಿಕೊಂಡು ಬಂಡಿ ನಿಂತಾಗ ಆಕೆ ತನ್ನ ಟೋಪಿಯ ಸೂಜಿಯನ್ನು ತೆಗೆದು ಅದನ್ನು ಬಿಡಿಸಿದ ಪ್ರಸಂಗವನ್ನು ಅನೇಕರು ಕೇಳಿರಬಹುದು. ಅದನ್ನು ವಿನೋದದ ಕಥೆಯೆಂದು ಹೇಳಿ ಮುಗಿಸಿಬಿಡುವುದು ರೂಢಿ. ಅದು ವಿನೋದವಲ್ಲ, ಅದೃಷ್ಟವೂ ಅಲ್ಲ. ಹಲವು ವರ್ಷಗಳ ತಾಳ್ಮೆಯಿಂದ ಆಕೆ ಗಳಿಸಿದ್ದ ವಿದ್ಯೆಯ ಫಲ ಎಂಬುದನ್ನು ತೋರಿಸುವುದೇ ಈ ಸಣ್ಣ ಲೇಖನದ ಉದ್ದೇಶ.

ಬರ್ತಾ ರಿಂಗರ್ ಅವರು 1849ನೆಯ ಇಸವಿ ಮೇ 3ರಂದು ಜರ್ಮನಿಯ ಬಾಡೆನ್ ಸಂಸ್ಥಾನದ ಫೋರ್ಟ್ಸ್‌ಹೈಮ್ ಎಂಬ ಪಟ್ಟಣದಲ್ಲಿ ಜನಿಸಿದರು. ಆಭರಣಗಳ ಕೆಲಸಕ್ಕೆ ಹೆಸರಾದ ಪಟ್ಟಣ ಅದು. ತಂದೆ ಕಾರ್ಲ್ ಫ್ರೀಡ್ರಿಕ್ ರಿಂಗರ್ ಅವರು ಮರಗೆಲಸ ಮತ್ತು ಕಟ್ಟಡಗಳ ಗುತ್ತಿಗೆಯಿಂದ ಚೆನ್ನಾಗಿ ಗಳಿಸಿದ್ದ ಗೃಹಸ್ಥರು. ಮಗಳು ಹುಟ್ಟಿದಾಗ ಮನೆಯ ಬೈಬಲ್ ಗ್ರಂಥದಲ್ಲಿ ಆ ವಿಷಯವನ್ನು ದಾಖಲಿಸುತ್ತ, ಈ ಸಲವೂ ಹೆಣ್ಣೇ ಆಯಿತಲ್ಲ ಎಂಬ ವ್ಯಸನವನ್ನು ತಂದೆ ಬರೆದಿಟ್ಟಿದ್ದರೆಂದೂ, ಹುಡುಗಿಯಾಗಿದ್ದಾಗ ಬರ್ತಾ ಆ ಬರಹವನ್ನು ಓದಿ ಬಹಳ ನೊಂದುಕೊಂಡರೆಂದೂ ಹೇಳುತ್ತಾರೆ. ಹೆಣ್ಣು ಹುಟ್ಟಿತೆಂದು ಮುಖ ಬಾಡುವುದು ನಮ್ಮ ನಾಡಿನ ಮನೆಗಳಲ್ಲಿ ಮಾತ್ರ ಕಂಡ ಸಂಗತಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಆಗಿನ ಅನುಕೂಲಸ್ಥ ಕುಟುಂಬದ ಹೆಣ್ಣುಮಕ್ಕಳಂತೆ ಬರ್ತಾ ಬಾಲಕಿಯರ ಶಾಲೆಯಲ್ಲಿ ಓದಿದರು. ಅದಕ್ಕಿಂತ ಮುಂದಿನ ವಿದ್ಯೆಗೆ ದಾರಿಯಿರಲಿಲ್ಲ. ಬಾಡೆನ್ ಸಂಸ್ಥಾನವು ತನ್ನ ವಿಶ್ವವಿದ್ಯಾನಿಲಯಗಳ ಬಾಗಿಲನ್ನು ಪೂರ್ಣವಾಗಿ ಸ್ತ್ರೀಯರಿಗೆ ತೆರೆದದ್ದು 1900ರಲ್ಲಿ. ಜರ್ಮನಿಯ ಸಂಸ್ಥಾನಗಳಲ್ಲಿ ಅದೇ ಮೊದಲನೆಯದು; ಆದರೂ ಅಷ್ಟು ಹೊತ್ತಿಗೆ ಬರ್ತಾ ಅವರಿಗೆ 50 ವರ್ಷ ತುಂಬಿತ್ತು. ಹೀಗಾಗಿ ಯಂತ್ರಶಾಸ್ತ್ರವನ್ನು ಆಕೆ ಕಲಿತದ್ದು ಪಾಠಶಾಲೆಯಲ್ಲಲ್ಲ, ಗಂಡನ ಕಾರ್ಯಾಗಾರದಲ್ಲಿ.

1869ರಲ್ಲಿ ಒಂದು ವಿಹಾರಯಾತ್ರೆಯ ಸಂದರ್ಭದಲ್ಲಿ ಬರ್ತಾ ಅವರಿಗೆ ಕಾರ್ಲ್ ಬೆಂಜ್ ಎಂಬ ತರುಣ ಎಂಜಿನಿಯರನ ಪರಿಚಯವಾಯಿತು. ಆತ ಬಡವರ ಮನೆಯ ಹುಡುಗ. ತಂದೆ ರೈಲು ಎಂಜಿನ್ ಚಾಲಕರಾಗಿದ್ದು, ಮಗನಿಗೆ ಬುದ್ಧಿ ಬರುವ ಮೊದಲೇ ತೀರಿಕೊಂಡಿದ್ದರು. ವಿಧವೆ ತಾಯಿ ಕಷ್ಟಪಟ್ಟು ಮಗನನ್ನು ಕಾರ್ಲ್ಸ್‌ರುಹೆ ನಗರದ ಪಾಲಿಟೆಕ್ನಿಕ್‌ನಲ್ಲಿ ಓದಿಸಿದ್ದರು. ಆತನ ಬಳಿ ಹಣವಿರಲಿಲ್ಲ; ಆದರೆ ಕುದುರೆಯ ಸಹಾಯವಿಲ್ಲದೆ ಓಡುವ ಬಂಡಿಯ ಕನಸಿತ್ತು. ಆ ಕನಸನ್ನು ಕೇಳಿ ನಗದೆ, ಗಮನವಿಟ್ಟು ಆಲಿಸಿದವರು ಬರ್ತಾ.

1871ರಲ್ಲಿ ಕಾರ್ಲ್ ಬೆಂಜ್ ಅವರು ಆಗಸ್ಟ್ ರಿಟ್ಟರ್ ಎಂಬ ಪಾಲುದಾರರೊಡನೆ ಮಾನ್‌ಹೈಮ್ ನಗರದಲ್ಲಿ ಒಂದು ಕಾರ್ಯಾಗಾರ ತೆರೆದರು. ಪಾಲುದಾರರೊಡನೆ ಹೊಂದಿಕೆಯಾಗಲಿಲ್ಲ. ಅವರ ಪಾಲನ್ನು ಕೊಂಡು ಬಿಡುಗಡೆ ಮಾಡುವುದಕ್ಕೆ ಕಾರ್ಲ್ ಅವರಲ್ಲಿ ಹಣವಿಲ್ಲ. ಆಗ ಬರ್ತಾ ಒಂದು ಕೆಲಸ ಮಾಡಿದರು. ಮದುವೆಯಲ್ಲಿ ತನಗೆ ಬರಬೇಕಾಗಿದ್ದ ಬಳುವಳಿಯನ್ನು ಮದುವೆಗೆ ಮೊದಲೇ ಕೊಡಿರೆಂದು ತಂದೆಯನ್ನು ಕೇಳಿ ಪಡೆದು, ಆ ಹಣದಿಂದ ರಿಟ್ಟರ್ ಅವರ ಪಾಲನ್ನು ತೀರಿಸಿಬಿಟ್ಟರು. ಬಳುವಳಿಯೆಂದರೆ ಚಿನ್ನ, ಬೆಳ್ಳಿ, ಪೀಠೋಪಕರಣಗಳೆಂದು ಎಣಿಸುವ ಲೋಕದಲ್ಲಿ, ಇನ್ನೂ ಹುಟ್ಟದ ಯಂತ್ರವೊಂದಕ್ಕಾಗಿ ಬಳುವಳಿಯನ್ನು ಸುರಿದ ಯುವತಿಯ ಧೈರ್ಯ ಎಂಥದು! 1872ರ ಜುಲೈ 20ರಂದು ಅವರ ವಿವಾಹವಾಯಿತು. ಮುಂದೆ ಯೂಜೆನ್, ರಿಚರ್ಡ್ ಎಂಬ ಇಬ್ಬರು ಗಂಡುಮಕ್ಕಳೂ ಕ್ಲಾರಾ, ಥಿಲ್ಡೆ, ಎಲ್ಲೆನ್ ಎಂಬ ಮೂವರು ಹೆಣ್ಣುಮಕ್ಕಳೂ ಜನಿಸಿದರು.

ಮದುವೆಯಾದ ಮೇಲಿನ ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. ವ್ಯಾಪಾರ ಕುಸಿಯಿತು, ಸಾಲ ಬೆಳೆಯಿತು. ಆ ದಿನಗಳಲ್ಲಿ ಕಾರ್ಲ್ ಅವರು ಒಂದು ಸಣ್ಣ ಅನಿಲ ಎಂಜಿನನ್ನು ರೂಪಿಸುವುದರಲ್ಲಿ ತೊಡಗಿದ್ದರು. ಅದು ಎಷ್ಟು ತಿರುಗಿಸಿದರೂ ಸರಿಯಾಗಿ ಓಡದು. 1879ನೆಯ ವರ್ಷದ ಕೊನೆಯ ರಾತ್ರಿ, ಊಟ ಮುಗಿದ ಮೇಲೆ, ಇನ್ನೊಂದು ಸಲ ಪ್ರಯತ್ನಿಸಿ ನೋಡೋಣವೆಂದು ಗಂಡನನ್ನು ಕಾರ್ಯಾಗಾರಕ್ಕೆ ಕರೆದುಕೊಂಡು ಹೋದವರು ಬರ್ತಾ. ಆ ರಾತ್ರಿ ಎಂಜಿನ್ ಓಡಿತು. ದಂಪತಿಗಳು ಅದರ ಸದ್ದನ್ನು ಬಹಳ ಹೊತ್ತು ಕೇಳುತ್ತ ನಿಂತಿದ್ದರಂತೆ. ಊರಿನ ಚರ್ಚುಗಳ ಗಂಟೆಗಳು ಹೊಸ ವರ್ಷವನ್ನು ಸ್ವಾಗತಿಸುತ್ತಿದ್ದಾಗ ಆ ಮನೆಯಲ್ಲಿ ನಿಜವಾಗಿಯೂ ಹೊಸತೊಂದು ಹುಟ್ಟಿತ್ತು.

1883ರಲ್ಲಿ ಹೊಸ ಪಾಲುದಾರರೊಡನೆ ಬೆಂಜ್ ಕಂಪನಿ ಸ್ಥಾಪಿತವಾಯಿತು. 1886ರ ಜನವರಿ 29ರಂದು ಕಾರ್ಲ್ ಬೆಂಜ್ ಅವರು ತಮ್ಮ ಮೋಟಾರು ಬಂಡಿಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. 37435 ಎಂಬ ಸಂಖ್ಯೆಯ ಆ ಪೇಟೆಂಟನ್ನು ಮೋಟಾರು ಕಾರಿನ ಜನ್ಮಪತ್ರಿಕೆಯೆಂದು ಕರೆಯುವುದುಂಟು. ಆ ಬಂಡಿಗೆ ಮೂರೇ ಗಾಲಿ. ಹಿಂಭಾಗದಲ್ಲಿ 954 ಘನ ಸೆಂಟಿಮೀಟರ್ ಗಾತ್ರದ ಒಂದೇ ಸಿಲಿಂಡರಿನ ಎಂಜಿನ್. ಅದರ ಶಕ್ತಿ ಮುಕ್ಕಾಲು ಅಶ್ವಶಕ್ತಿ. ವೇಗ ಗಂಟೆಗೆ ಸುಮಾರು 16 ಕಿಲೋಮೀಟರು. ಅಡ್ಡಲಾಗಿ ಮಲಗಿಸಿದ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿ ಎಂಜಿನನ್ನು ಚಾಲೂ ಮಾಡಬೇಕು. ಅದೇ ವರ್ಷದ ಜುಲೈ ತಿಂಗಳಲ್ಲಿ ಮಾನ್‌ಹೈಮ್ ನಗರದ ಬೀದಿಯಲ್ಲಿ ಜನ ಅದನ್ನು ನೋಡಿದರು. ನೋಡಿದರು, ಬೆರಗಾದರು, ನಕ್ಕರು. ಆದರೆ ಕೊಳ್ಳುವವರು ಮುಂದೆ ಬರಲಿಲ್ಲ. ಕಾರ್ಲ್ ಅವರಾದರೋ ಸಂಕೋಚದ ಸ್ವಭಾವದವರು. ಬಂಡಿ ಇನ್ನೂ ಪರಿಪೂರ್ಣವಾಗಿಲ್ಲವೆಂದು ತಿದ್ದುತ್ತಲೇ ಕುಳಿತರು. ಎರಡು ವರ್ಷ ಹೀಗೆಯೇ ಕಳೆಯಿತು.

ಈ ಬಂಡಿಯ ಹೊಟ್ಟೆಯೊಳಗಿನ ಒಂದು ಅಂಗದ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗಿದೆ; ಮುಂದಿನ ಕಥೆ ಅದರ ಮೇಲೆಯೇ ನಿಂತಿದೆ. ದ್ರವರೂಪದ ಇಂಧನ ಸಿಲಿಂಡರಿನಲ್ಲಿ ಹಾಗೆಯೇ ಸರಿಯಾಗಿ ಉರಿಯದು. ಅದು ಆವಿಯಾಗಿ, ತಕ್ಕ ಪ್ರಮಾಣದ ಗಾಳಿಯೊಡನೆ ಬೆರೆಯಬೇಕು. ಈ ಬೆರಕೆಯ ಕೆಲಸ ಮಾಡುವ ಅಂಗವೇ ಕಾರ್ಬುರೇಟರು. ಬೆಂಜ್ ಅವರ ಮೊದಲ ಬಂಡಿಯ ಕಾರ್ಬುರೇಟರು ಬಹಳ ಸರಳವಾದದ್ದು. ಒಂದು ಪಾತ್ರೆಯಲ್ಲಿ ಇಂಧನವಿರುತ್ತಿತ್ತು. ಗಾಳಿಯು ಅದನ್ನು ಸವರಿಕೊಂಡು ಹಾದುಹೋಗುವಾಗ ಆವಿಯನ್ನು ಹೀರಿಕೊಂಡು ಎಂಜಿನಿಗೆ ಸೇರುತ್ತಿತ್ತು. ಒಮ್ಮೆಗೆ ಹಿಡಿಯುತ್ತಿದ್ದ ಇಂಧನ ಸುಮಾರು 4.5 ಲೀಟರ್ ಮಾತ್ರ. ಇಂಧನದ ಹೆಸರು ಲಿಗ್ರಾಯಿನ್. ಬಟ್ಟೆಯ ಕಲೆ ತೆಗೆಯುವುದಕ್ಕೆ ಔಷಧದ ಅಂಗಡಿಗಳಲ್ಲಿ ಮಾರುತ್ತಿದ್ದ, ಬೇಗನೆ ಆರಿಹೋಗುವ ಎಣ್ಣೆ ಅದು. ಸಣ್ಣ ಕಸವೊಂದು ಕೊಳವೆಯಲ್ಲಿ ಸಿಕ್ಕಿಕೊಂಡರೆ ಸಾಕು, ಎಂಜಿನಿಗೆ ಆಹಾರ ನಿಂತುಹೋಗುತ್ತದೆ. ಬಂಡಿ ಉಸಿರು ಕಟ್ಟಿದಂತೆ ನಿಲ್ಲುತ್ತದೆ.

1888ನೆಯ ಇಸವಿ ಆಗಸ್ಟ್ ತಿಂಗಳು. ಶಾಲೆಗಳಿಗೆ ರಜವಿತ್ತು. ಬರ್ತಾ ಅವರಿಗೆ ಆಗ 39 ವರ್ಷ. ಒಂದು ಮುಂಜಾನೆ, ಇನ್ನೂ ಬೆಳಕು ಹರಿಯುವ ಹೊತ್ತಿನಲ್ಲಿ, ಗಂಡನು ಮಲಗಿರುವಾಗಲೇ, 15 ವರ್ಷದ ಯೂಜೆನ್ ಮತ್ತು 13 ವರ್ಷದ ರಿಚರ್ಡ್ ಇಬ್ಬರನ್ನೂ ಕರೆದುಕೊಂಡು ಆಕೆ ಕಾರ್ಯಾಗಾರಕ್ಕೆ ಹೋದರು. ಸದ್ದು ಕೇಳಿ ಗಂಡನಿಗೆ ಎಚ್ಚರವಾಗಬಾರದೆಂದು ಮೂವರೂ ಬಂಡಿಯನ್ನು ಮೊದಲು ತಳ್ಳಿಕೊಂಡೇ ಹೊರತಂದರಂತೆ. ತವರೂರಾದ ಫೋರ್ಟ್ಸ್‌ಹೈಮಿಗೆ ಅಮ್ಮನನ್ನು ನೋಡಲು ಹೋಗುತ್ತಿರುವುದಾಗಿ ಮನೆಯಲ್ಲಿ ಒಂದು ಚೀಟಿ ಬರೆದಿಟ್ಟರು. ಯಾವ ಬಂಡಿಯಲ್ಲಿ ಎಂಬುದನ್ನು ಮಾತ್ರ ಬರೆಯಲಿಲ್ಲ. ದಾರಿ ನೂರು ಕಿಲೋಮೀಟರಿಗೂ ಮಿಗಿಲು. ಅದಕ್ಕೆ ಮುಂಚೆ ಯಾವ ಮೋಟಾರು ಬಂಡಿಯೂ ಅಷ್ಟು ದೂರ ಹೋದದ್ದಿಲ್ಲ. ರಸ್ತೆಗಳಾದರೋ ಕುದುರೆಗಾಡಿಗಳಿಗಾಗಿ ಮಾಡಿದವು. ದಾರಿ ತೋರುವ ಫಲಕಗಳಿಲ್ಲ, ದುರಸ್ತಿಯ ಅಂಗಡಿಗಳಿಲ್ಲ, ಇಂಧನ ಮಾರುವವರಿಲ್ಲ.

ಮೊದಲನೆಯ ಚಿಂತೆ ನೀರಿನದು. ಎಂಜಿನನ್ನು ತಂಪಾಗಿಡುವ ನೀರು ಕುದಿದು ಆವಿಯಾಗಿ ಹೋಗುತ್ತಿದ್ದುದರಿಂದ, ಸಿಕ್ಕಿದಲ್ಲಿ ನಿಂತು ನೀರು ತುಂಬಿಕೊಳ್ಳಬೇಕಾಗುತ್ತಿತ್ತು. ಎರಡನೆಯ ಚಿಂತೆ ಇಂಧನದ್ದು. ವೀಸ್‌ಲಾಖ್ ಎಂಬ ಊರನ್ನು ಮುಟ್ಟುವ ವೇಳೆಗೆ ತಂದದ್ದು ಮುಗಿಯುತ್ತ ಬಂದಿತ್ತು. ಬರ್ತಾ ಅಲ್ಲಿನ ಔಷಧದ ಅಂಗಡಿಗೆ ಹೋಗಿ ಲಿಗ್ರಾಯಿನ್ ಕೇಳಿದರು. ಬಟ್ಟೆಯ ಕಲೆಗೆ ಒಂದು ಸಣ್ಣ ಶೀಷೆ ಸಾಕಲ್ಲವೇ, ಇಷ್ಟೊಂದು ಏಕೆ ಎಂದು ಅಂಗಡಿಯವರು ಅಚ್ಚರಿಗೊಂಡಿದ್ದರೆ ತಪ್ಪೇನಿಲ್ಲ. ಆ ಔಷಧದ ಅಂಗಡಿಗೆ ಇಂದು ಜಗತ್ತಿನ ಮೊಟ್ಟಮೊದಲ ಪೆಟ್ರೋಲ್ ಬಂಕ್ ಎಂಬ ಕೀರ್ತಿ ಸಂದಿದೆ.

ಇನ್ನು ಕಥೆಯ ಮುಖ್ಯ ಘಟ್ಟ. ದಾರಿಯ ನಡುವೆ ಬಂಡಿ ನಿಂತಿತು. ಇಂಧನವಿದೆ; ಆದರೆ ಎಂಜಿನಿಗೆ ಮುಟ್ಟುತ್ತಿಲ್ಲ. ಇಂಧನದ ಕೊಳವೆ ಕಟ್ಟಿಕೊಂಡಿತ್ತು. ಬರ್ತಾ ತಮ್ಮ ಟೋಪಿ ಜಾರದಂತೆ ಸಿಕ್ಕಿಸಿದ್ದ ಉದ್ದನೆಯ ಸೂಜಿಯನ್ನು ತೆಗೆದು ಕೊಳವೆಯನ್ನು ಚುಚ್ಚಿ ಶುಚಿಗೊಳಿಸಿದರು. ಬಂಡಿ ಮತ್ತೆ ಓಡಿತು. ಇನ್ನೊಂದು ಕಡೆ ಕಿಡಿ ಹೊತ್ತಿಸುವ ವಿದ್ಯುತ್ತಿನ ತಂತಿಯಲ್ಲಿ ದೋಷ ಉಂಟಾಯಿತು. ಆಗ ಕಾಲುಚೀಲಕ್ಕೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಆ ತಂತಿಗೆ ಹೊದಿಕೆಯಾಗಿ ಸುತ್ತಿದರು. ಬ್ರುಕ್ಸಾಲ್ ಎಂಬಲ್ಲಿ ಕಮ್ಮಾರನೊಬ್ಬ ಸರಪಳಿಯನ್ನು ಸರಿಪಡಿಸಿಕೊಟ್ಟ. ಮರದ ಬ್ರೇಕು ಸವೆದುಹೋದಾಗ ಬೌಷ್‌ಲಾಟ್ ಎಂಬ ಹಳ್ಳಿಯ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದರು. ಏರುದಾರಿಯಲ್ಲಿ ಎಂಜಿನಿಗೆ ಶಕ್ತಿ ಸಾಲದೆ ಹೋದಾಗ ಇಳಿದು ತಳ್ಳಿದರು. ಸಂಜೆಗೆ ಫೋರ್ಟ್ಸ್‌ಹೈಮ್ ತಲುಪಿ, ಕ್ಷೇಮವಾಗಿ ಬಂದು ಸೇರಿದ ಸುದ್ದಿಯನ್ನು ಗಂಡನಿಗೆ ತಂತಿಯ ಮೂಲಕ ತಿಳಿಸಿದರು. ಕೆಲವು ದಿನಗಳ ತರುವಾಯ ಅದೇ ಬಂಡಿಯಲ್ಲಿ ಬೇರೊಂದು ದಾರಿಯಾಗಿ ಮಾನ್‌ಹೈಮಿಗೆ ಹಿಂದಿರುಗಿದರು.

ಟೋಪಿಯ ಸೂಜಿಯ ಮಹತ್ತ್ವ ಏನೆಂಬುದನ್ನು ಇಲ್ಲಿ ಯೋಚಿಸಬೇಕು. ಆ ಕಾಲದಲ್ಲಿ ಟೋಪಿಯ ಸೂಜಿ ಎಷ್ಟೋ ಸ್ತ್ರೀಯರ ತಲೆಯಲ್ಲಿ ಇರುತ್ತಿತ್ತು. ಆದುದರಿಂದ ಹಿರಿಮೆ ಸೂಜಿಯದಲ್ಲ. ಬಂಡಿ ನಿಂತ ಕೂಡಲೇ ಕಾರಣ ಎಲ್ಲಿರಬಹುದೆಂದು ಆಲೋಚಿಸಿ, ಹತ್ತು ಕಡೆ ಹುಡುಕದೆ, ಸೂಜಿಯನ್ನು ಆ ಕೊಳವೆಗೇ ಹಾಕಿದರಲ್ಲ, ಅದು ಹಿರಿಮೆ. ಬೆಂಕಿಯಿಂದ ಓಡುವ ಎಂಜಿನ್ ನಿಂತಿತೆಂದರೆ ನೋಡಬೇಕಾದ ವಿಷಯಗಳು ಮುಖ್ಯವಾಗಿ ಮೂರು: ಕಿಡಿ ಇದೆಯೇ, ಇಂಧನ ಬರುತ್ತಿದೆಯೇ, ಗಾಳಿ ಸರಿಯಾಗಿ ಬೆರೆಯುತ್ತಿದೆಯೇ. ಬರ್ತಾ ಒಂದು ಸಲ ಇಂಧನದಲ್ಲಿ ದೋಷವನ್ನು ಕಂಡರು. ಇನ್ನೊಂದು ಸಲ ಕಿಡಿಯಲ್ಲಿ ಕಂಡರು. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಇದು ಕಾರ್ಯಾಗಾರದಲ್ಲಿ ವರ್ಷಗಟ್ಟಲೆ ಕಣ್ಣು ತೆರೆದು ನಿಂತವರಿಗಲ್ಲದೆ ಬಾರದು.

ನನ್ನ ತಂದೆಯವರು ಏಳನೆಯ ತರಗತಿಯಾಚೆ ಓದಿದವರಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಅವರು ಬಹಳ ಕಾಲ ಹಳೆಯ ಅಂಬಾಸಿಡರ್ ಕಾರುಗಳನ್ನು ರಿಪೇರಿ ಮಾಡುತ್ತಿದ್ದರು. ಕಾರ್ಬುರೇಟರಿನ ಆ ಕಾರುಗಳ ರೋಗಗಳನ್ನು ಅವರು ವಿವರಿಸುವಾಗ, ಬರ್ತಾ ಬೆಂಜ್ ಅವರ ವಿಧಾನವೇ ಇನ್ನೂ ನಡೆದುಬಂದಿದೆಯೆಂದು ನನಗೆ ಅನ್ನಿಸುತ್ತದೆ. 1893ರಲ್ಲಿ ವಿಲ್‌ಹೆಲ್ಮ್ ಮೈಬಾಖ್ ಎಂಬ ಜರ್ಮನ್ ಎಂಜಿನಿಯರರು ಇಂಧನವನ್ನು ಸಣ್ಣ ರಂಧ್ರದಿಂದ ತುಂತುರಾಗಿ ಸಿಡಿಸುವ ಕಾರ್ಬುರೇಟರನ್ನು ರೂಪಿಸಿದ ಮೇಲೆ ಯಂತ್ರದ ರೂಪ ಬದಲಾಯಿತು; ರೋಗದ ಸ್ವರೂಪ ಬದಲಾಗಲಿಲ್ಲ. ಕಾರು ಚೆನ್ನಾಗಿ ಚಾಲೂ ಆಗಿ, ಒಂದೆರಡು ಮೈಲಿ ಓಡಿ, ಏರಿನಲ್ಲಿ ಮುಗ್ಗರಿಸಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವುದಾದರೆ, ಎಂಜಿನಿಗೆ ಇಂಧನ ಸಾಲದಾಗಿದೆಯೆಂದು ತಿಳಿಯಬೇಕು. ಕಾರ್ಬುರೇಟರಿನ ಪಕ್ಕದ ಪುಟ್ಟ ಕೋಣೆಯಲ್ಲಿ ತುಂಬಿದ್ದ ಪೆಟ್ರೋಲ್ ತೀರಿದಾಗ ಎಂಜಿನ್ ನಿಲ್ಲುತ್ತದೆ. ಅದು ಹನಿಹನಿಯಾಗಿ ಮತ್ತೆ ತುಂಬಿದಾಗ ಓಡುತ್ತದೆ.

ಅಂಥ ವೇಳೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುವುದು ಅವಿವೇಕ. ಮೊದಲು ಕಿಡಿಯನ್ನು ಪರೀಕ್ಷಿಸಿ ಅದು ಸರಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಎಂಜಿನ್ ತಣ್ಣಗಾಗಲು ಬಿಟ್ಟು, ಬೆಂಕಿಯನ್ನು ದೂರವಿಟ್ಟು, ಕಾರ್ಬುರೇಟರಿಗೆ ಬರುವ ಕೊಳವೆಯನ್ನು ಕಳಚಿ ಒಂದು ಡಬ್ಬಿಯೊಳಕ್ಕೆ ಇಳಿಬಿಟ್ಟು, ಕಿಡಿಯ ತಂತಿಯನ್ನು ಬಿಚ್ಚಿಟ್ಟು, ಎಂಜಿನನ್ನು ತಿರುಗಿಸಿ ನೋಡಬೇಕು. ಪೆಟ್ರೋಲ್ ಚಿಮ್ಮಿ ಬಂದರೆ ದೋಷ ಕಾರ್ಬುರೇಟರಿನಲ್ಲಿದೆ. ಬಾರದಿದ್ದರೆ ಹಿಂದಕ್ಕೆ ಹಿಂದಕ್ಕೆ, ಪಂಪು, ಸೋಸುವ ಜಾಲರಿ, ಕೊಳವೆ, ಕೊನೆಗೆ ತೊಟ್ಟಿಯವರೆಗೆ ಹೋಗಬೇಕು. ತೊಟ್ಟಿಯ ಮುಚ್ಚಳ ತೆಗೆದಾಗ ಗಾಳಿ ಒಳನುಗ್ಗಿದ ಸದ್ದು ಕೇಳಿಸಿ, ಕಾರು ಮತ್ತೆ ಸರಾಗವಾಗಿ ಓಡಿದರೆ, ಮುಚ್ಚಳದ ಗಾಳಿರಂಧ್ರ ಮುಚ್ಚಿಕೊಂಡಿದೆಯೆಂದು ಅರ್ಥ. ಬಿರುಬೇಸಗೆಯಲ್ಲಿ ಕಾಯ್ದ ಎಂಜಿನಿನ ಪಕ್ಕದ ಕೊಳವೆಯಲ್ಲಿ ಪೆಟ್ರೋಲ್ ಕುದಿದು ಆವಿಯಾಗಿ ದಾರಿಗಟ್ಟುವುದೂ ಉಂಟು. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಂಪು ಮಾಡುತ್ತಾರೆ. ಇಷ್ಟರಲ್ಲಿ ಒಂದು ಎಚ್ಚರಿಕೆಯೂ ಇದೆ. ಕೊಳವೆಗೆ ಸೂಜಿ ಹಾಕಬಹುದು. ಆದರೆ ಕಾರ್ಬುರೇಟರಿನೊಳಗಿನ ಹಿತ್ತಾಳೆಯ ಸಣ್ಣ ರಂಧ್ರಕ್ಕೆ ಸೂಜಿಯನ್ನಾಗಲಿ ತಂತಿಯನ್ನಾಗಲಿ ಹಾಕಬಾರದು. ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಪೆಟ್ರೋಲಿನ ಪ್ರಮಾಣ ಕೆಡುತ್ತದೆ. ಅದನ್ನು ಗಾಳಿಯ ಒತ್ತಡದಿಂದಲೇ ಶುಚಿಮಾಡಬೇಕು. ಯಾವುದಕ್ಕೆ ಸೂಜಿ, ಯಾವುದಕ್ಕೆ ಗಾಳಿ ಎಂಬ ವಿವೇಚನೆಯೇ ಕುಶಲತೆ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಹೊಸ ಕಾರುಗಳಲ್ಲಿ ಕಾರ್ಬುರೇಟರೂ ಇಲ್ಲ. ಆದರೆ ಹಳೆಯ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡವರಿಗೆ ಈ ವಿವೇಚನೆ ಇಂದಿಗೂ ಬೇಕು.

ಮತ್ತೆ ಬರ್ತಾ ಅವರ ಕಥೆಗೆ ಬರೋಣ. ಪಯಣದಿಂದ ಹಿಂದಿರುಗಿದ ಮೇಲೆ ಆಕೆ ತಮ್ಮ ಸಾಹಸವನ್ನು ಕೊಂಡಾಡಿಕೊಳ್ಳುತ್ತ ಕೂರಲಿಲ್ಲ. ಬಂಡಿಯಲ್ಲಿ ಕಂಡ ಕೊರತೆಗಳನ್ನು ಒಂದೊಂದಾಗಿ ಗಂಡನಿಗೆ ತಿಳಿಸಿದರು. ಏರು ಹತ್ತುವುದಕ್ಕೆ ಇನ್ನೊಂದು ಗೇರು ಬೇಕು. ಬ್ರೇಕಿಗೆ ಗಟ್ಟಿಯಾದ ಹೊದಿಕೆ ಬೇಕು. ಇವೆಲ್ಲ ಕಾರ್ಯಾಗಾರದ ಮೇಜಿನ ಮುಂದೆ ಕುಳಿತವರಿಗೆ ಹೊಳೆಯದ ಸಂಗತಿಗಳು. ದಾರಿಯಲ್ಲಿ ತಳ್ಳಿದವರಿಗೆ ಮಾತ್ರ ಗೊತ್ತಾಗುವಂಥವು. ಕಾರ್ಲ್ ಅವರು ಆ ಮಾತುಗಳನ್ನು ಕಡೆಗಣಿಸದೆ ಬಂಡಿಯನ್ನು ತಿದ್ದಿದರು. ಅದು ಅವರ ದೊಡ್ಡತನ. ಅದೇ ವರ್ಷ ಮ್ಯೂನಿಕ್ ನಗರದ ಪ್ರದರ್ಶನದಲ್ಲಿ ಬಂಡಿಗೆ ಚಿನ್ನದ ಪದಕ ದೊರೆಯಿತು. ನಿಧಾನವಾಗಿ ಕೊಳ್ಳುವವರು ಬಂದರು. 1899ರಲ್ಲಿ ಬೆಂಜ್ ಕಂಪನಿ ಒಂದೇ ವರ್ಷದಲ್ಲಿ 572 ಬಂಡಿಗಳನ್ನು ತಯಾರಿಸಿತು. ಆಗಿನ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಮೋಟಾರು ಕಾರ್ಖಾನೆ ಅದು.

ಮುಂದೆ ಕಂಪನಿಯಲ್ಲಿ ಭಿನ್ನಾಭಿಪ್ರಾಯಗಳು ಬಂದು, 1903ರಲ್ಲಿ ಕಾರ್ಲ್ ಅವರು ಅದರ ಸಕ್ರಿಯ ಕೆಲಸದಿಂದ ದೂರ ಸರಿದರು. ಕುಟುಂಬವು ಲಾಡೆನ್‌ಬುರ್ಗ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿತು. 1914ರಲ್ಲಿ, 70 ವರ್ಷ ತುಂಬಿದ ದಿನ, ತಾವು ಓದಿದ ಕಾರ್ಲ್ಸ್‌ರುಹೆಯ ವಿದ್ಯಾಸಂಸ್ಥೆಯಿಂದ ಕಾರ್ಲ್ ಅವರಿಗೆ ಗೌರವ ಡಾಕ್ಟರೇಟ್ ಸಂದಿತು. 1925ರಲ್ಲಿ ಅವರು ತಮ್ಮ ಜೀವನಸ್ಮೃತಿಯನ್ನು ಪ್ರಕಟಿಸಿದರು. ಸಂಸಾರದ ದೋಣಿ ಮುಳುಗುತ್ತಿದ್ದ ದಿನಗಳಲ್ಲಿ ತಮ್ಮೊಡನೆ ಅದರಲ್ಲಿ ಉಳಿದವರು ಬರ್ತಾ ಒಬ್ಬರೇ ಎಂದು ಅದರಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ಟೋಪಿಯ ಸೂಜಿಯ ಸಂಗತಿಯೂ ಅಲ್ಲಿ ಬರುತ್ತದೆ. 1926ರಲ್ಲಿ ಬೆಂಜ್ ಕಂಪನಿಯೂ ಡೈಮ್ಲರ್ ಕಂಪನಿಯೂ ಒಂದಾದವು. 1929ರ ಏಪ್ರಿಲ್ 4ರಂದು ಕಾರ್ಲ್ ಬೆಂಜ್ ಅವರು ತೀರಿಕೊಂಡರು.

ಬರ್ತಾ ಅವರು ಆ ಬಳಿಕ ಹದಿನೈದು ವರ್ಷ ಬದುಕಿದರು. ಎರಡನೆಯ ಮಹಾಯುದ್ಧದ ಕರಾಳ ದಿನಗಳು. ಮೋಟಾರು ವಾಹನಗಳು ಯುದ್ಧದ ಸಾಧನಗಳಾಗಿ ಯೂರೋಪಿನ ರಸ್ತೆಗಳನ್ನೆಲ್ಲ ತುಳಿಯುತ್ತಿದ್ದ ಕಾಲ ಅದು. 1944ರ ಮೇ 3ರಂದು ಆಕೆಗೆ 95 ವರ್ಷ ತುಂಬಿತು. ಅಂದು ಕಾರ್ಲ್ಸ್‌ರುಹೆಯ ತಾಂತ್ರಿಕ ವಿಶ್ವವಿದ್ಯಾನಿಲಯವು, ತನ್ನ ಪತಿ ಓದಿದ್ದ ಅದೇ ಸಂಸ್ಥೆಯು, ಆಕೆಗೆ ಗೌರವ ಸೆನೆಟರ್ ಎಂಬ ಪದವಿಯನ್ನಿತ್ತು ಮನ್ನಿಸಿತು. ಎರಡು ದಿನಗಳ ನಂತರ, ಮೇ 5ರಂದು, ಲಾಡೆನ್‌ಬುರ್ಗಿನ ತಮ್ಮ ಮನೆಯಲ್ಲಿ ಬರ್ತಾ ಬೆಂಜ್ ಅವರು ಕಣ್ಣು ಮುಚ್ಚಿದರು. ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಓದದ ಈ ಸ್ತ್ರೀಗೆ ವಿಶ್ವವಿದ್ಯಾನಿಲಯದ ಮನ್ನಣೆ ದೊರೆತದ್ದು ಸಾವಿಗೆ ಎರಡು ದಿನ ಮುಂಚೆ ಎಂಬುದನ್ನು ನೆನೆದರೆ ಸಂತೋಷವೂ ಆಗುತ್ತದೆ, ಸಂಕಟವೂ ಆಗುತ್ತದೆ.

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಲೋಕದ ರೀತಿ. ಆದರೂ ತಡವಾಗಿಯಾದರೂ ನೆನೆಯುವವರುಂಟು. ಆಕೆ ಪಯಣಿಸಿದ ಹಾದಿಯನ್ನು 2008ರಲ್ಲಿ ಬರ್ತಾ ಬೆಂಜ್ ಸ್ಮಾರಕ ಮಾರ್ಗವೆಂದು ಅಧಿಕೃತವಾಗಿ ಗುರುತಿಸಲಾಯಿತು. ಅಮೆರಿಕದ ಆಟೋಮೋಟಿವ್ ಹಾಲ್ ಆಫ್ ಫೇಮ್ ಎಂಬ ಗೌರವಪಂಕ್ತಿಯಲ್ಲಿ ಕಾರ್ಲ್ ಅವರ ಹೆಸರು 1984ರಲ್ಲಿ ಸೇರಿತ್ತು. ಬರ್ತಾ ಅವರ ಹೆಸರು 2016ರಲ್ಲಿ ಸೇರಿತು. ನಡುವಣ ಅಂತರ 32 ವರ್ಷ.

ವಾಚಕ ಮಿತ್ರರೇ, ಈ ಜೀವನದಿಂದ ನಾವು ಕಲಿಯಬೇಕಾದುದೇನು? ಹೊಸತನ್ನು ಕಂಡುಹಿಡಿದವರನ್ನು ಕೊಂಡಾಡುವುದು ಸರಿಯೇ. ಆದರೆ ಕಂಡುಹಿಡಿದ ವಸ್ತು ದಾರಿಯಲ್ಲಿ ಕೆಟ್ಟು ನಿಂತಾಗ, ಎದೆಗೆಡದೆ, ಗೊಣಗದೆ, ಕಾರಣವನ್ನು ಹುಡುಕಿ, ಕೈಯಲ್ಲಿದ್ದ ಸಾಧನದಿಂದ ಅದನ್ನು ಮುಂದಕ್ಕೆ ನಡೆಸುವವರು ಇಲ್ಲದಿದ್ದರೆ ಆ ವಸ್ತು ಕಾರ್ಯಾಗಾರದಲ್ಲಿಯೇ ತುಕ್ಕು ಹಿಡಿಯುತ್ತದೆ. ಅವರ ಹೆಸರು ಪೇಟೆಂಟಿನಲ್ಲಿ ಇರುವುದಿಲ್ಲ. ಪ್ರಮಾಣಪತ್ರಗಳೂ ಅವರ ಬಳಿ ಇರುವುದಿಲ್ಲ. ಅವರ ವಿದ್ಯೆ ಕೈಯಲ್ಲಿ, ಕಣ್ಣಿನಲ್ಲಿ, ತಾಳ್ಮೆಯಲ್ಲಿ ಇರುತ್ತದೆ. ಇನ್ನು ಕೆಲವೇ ತಿಂಗಳುಗಳಲ್ಲಿ ಪದವಿಯ ಪತ್ರವನ್ನು ಹಿಡಿದು ಈ ಕಾಲೇಜಿನಿಂದ ಹೊರಡಲಿರುವ ನಾವು, ಪದವಿಯಿಲ್ಲದ ಅಂಥ ವಿದ್ಯಾವಂತರನ್ನು ನಮ್ಮ ಮನೆಗಳಲ್ಲಿಯೂ ಬೀದಿಗಳಲ್ಲಿಯೂ ಗುರುತಿಸಿ, ಅವರು 95 ವರ್ಷ ತುಂಬುವವರೆಗೆ ಕಾಯಿಸದೆ, ಗೌರವಿಸುವುದನ್ನು ಕಲಿತರೆ ನಮ್ಮ ಓದು ಸಾರ್ಥಕವಾದೀತು.